ದಾಕ್ಷಿಣ್ಯದ ಲಿನಕ್ಸ್

ಬಸವನಗುಡಿಯಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದಿಲ್ಲ. ನನಗಿದು ಗೊತ್ತಿರಬೇಕಿತ್ತು, ಹುಟ್ಟಿದ್ದೇ ಇಲ್ಲಿ.

೨೦೦೬ರಲ್ಲಿ ನಾನೂ ಅಭಿರಾಮನೂ ಭಾನುವಾರ ಬಂತೆಂದರೆ, ವಿಂಡೋಸಿನ ಬದಲಿಗೆ ಪುಕ್ಕಟೆಯಾಗಿ ಬಳಸಬಹುದಾದ ಲಿನಕ್ಸಿನ ಸಿಡಿಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದೆವು. ಅಂಗಡಿಯವರು ತುಂಬಿಕೊಟ್ಟಿದ್ದ ಕಳ್ಳ ವಿಂಡೋಸನ್ನು ನಾನು ಕೈಯಾರೆ ಅಳಿಸಿ ಲಿನಕ್ಸ್ ಹಾಕುತ್ತಿದ್ದೆ. ಇದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಎಂದು ಭಾಷಣ ಬಿಗಿಯುತ್ತಿದ್ದೆ. ತೊಂದರೆಯಾದರೆ ಫೋನ್ ಮಾಡಲು ಕೊಡುತ್ತಿದ್ದುದು ಅಭಿರಾಮನ ನಂಬರ್. ಕೇಳಿದ್ದನ್ನೇ ಮತ್ತೆ ಕೇಳಿದರೆ ನನಗೆ ರೇಗುತ್ತದೆ, ಅವನಿಗೆ ರೇಗುವುದಿಲ್ಲ. ಸ್ಕೂಲಿನಿಂದಲೂ ಅವನು ಹಾಗೇ. ಅದಕ್ಕೇ ನನಗಿಂತ ಹೆಚ್ಚು ಅವನನ್ನು ನಂಬಿದ್ದೆ.

ನಮ್ಮ ಹೆಮ್ಮೆಯೆಂದರೆ ಬ್ಯೂಗಲ್ ರಾಕ್ ಹಿಂದಿನ ರಂಗನಾಯಕಿ ಮೇಡಂ. ನಿವೃತ್ತ ಟೀಚರ್, ಭಜನಾ ಮಂಡಳಿಗೆ ದೇವರನಾಮಗಳನ್ನು ಟೈಪ್ ಮಾಡಿ ಹಂಚುತ್ತಿದ್ದರು. ನಾನು ಹೋದಾಗಲೆಲ್ಲ ಪರದೆಯ ಮೇಲೆ ಲಿನಕ್ಸ್ ತೆರೆದೇ ಇರುತ್ತಿತ್ತು. ಚೆನ್ನಾಗಿದೆ ಅನ್ನುತ್ತಿದ್ದರು, ನಾನು ಉಬ್ಬಿಹೋಗುತ್ತಿದ್ದೆ.

ನಮ್ಮ ಬಡಾವಣೆಯ ವಾಚನಾಲಯದ ಕಂಪ್ಯೂಟರುಗಳಿಗೂ ಲಿನಕ್ಸ್ ಹಾಕಿಸಬೇಕೆಂದು ಕಾರ್ಯದರ್ಶಿ ಶ್ರೀನಿವಾಸಯ್ಯನವರ ಬೆನ್ನು ಬಿದ್ದು ಎರಡು ವರ್ಷವಾಗಿತ್ತು. ಕೊನೆಗೆ ಅವರು, ರಂಗನಾಯಕಿಯವರು ಸಭೆಗೆ ಬಂದು ಒಳ್ಳೆಯದೆಂದು ಹೇಳಿದರೆ ಆಗಲಿ ಎಂದರು. ನಾನು ಆಗಲೇ ಗೆದ್ದಷ್ಟು ಹಿಗ್ಗಿದೆ.

ಸಭೆಯ ದಿನ ಬೆಳಿಗ್ಗೆ ಮೇಡಂ ಮನೆಗೆ ಹೋದೆ. ಎಂದಿನಂತೆ ಲಿನಕ್ಸ್ ತೆರೆದಿತ್ತು. ಅವರು ಕಾಫಿಗೆಂದು ಒಳಗೆ ಹೋದಾಗ ಕರೆಂಟ್ ಹೋಯಿತು. ಮತ್ತೆ ಬಂದ ಮೇಲೆ ನಾನೇ ಕಂಪ್ಯೂಟರ್ ಆನ್ ಮಾಡಿದೆ. ಲಿನಕ್ಸೋ ವಿಂಡೋಸೋ ಎಂದು ಅದು ಕೇಳಿತು. ನಾನು ಬೆಪ್ಪಾಗಿ ನೋಡುತ್ತಿರುವಾಗಲೇ ತಾನಾಗಿ ವಿಂಡೋಸ್ ತೆರೆದುಕೊಂಡಿತು. ಮೇಡಂ ಟೈಪ್ ಮಾಡಿದ ದೇವರನಾಮಗಳೆಲ್ಲ ಅದರಲ್ಲೇ ಇದ್ದವು, ಹಿಂದಿನ ದಿನದ್ದೂ ಸೇರಿ.

ಮೇಡಂ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ಲಿನಕ್ಸಿನಲ್ಲಿ ಅವರ ಪ್ರಿಂಟರ್ ಮಿಸುಕಲಿಲ್ಲವಂತೆ. ಅಭಿರಾಮ ಮರುದಿನವೇ ಬಂದು ಪಕ್ಕದಲ್ಲೇ ವಿಂಡೋಸನ್ನೂ ಹಾಕಿಕೊಟ್ಟನಂತೆ. ನಾನು ಬರುವ ದಿನ ಅವನೇ ಫೋನ್ ಮಾಡಿ, ಲಿನಕ್ಸ್ ತೆರೆದಿಡಿ ಎಂದು ನೆನಪಿಸುತ್ತಿದ್ದನಂತೆ. ನೆಂಟರು ಬಂದಾಗ ಒಳ್ಳೆಯ ಜಮಖಾನ ಹಾಸಿದ ಹಾಗೆ.

"ಬೇಜಾರ್ ಮಾಡ್ಕೋಬೇಡಿ. ನೀವು ಅಷ್ಟು ಖುಷಿಯಾಗಿ ಬರ್ತಿದ್ರಿ, ಹೇಳೋಕೆ ಮನಸ್ಸೇ ಬರ್ಲಿಲ್ಲ," ಎಂದರು.

ಕಾಫಿ ಕುಡಿಯದೆ ಅಭಿರಾಮನ ಮನೆಗೆ ಹೋದೆ. ಅವನು ಏನನ್ನೂ ಮುಚ್ಚಿಡಲಿಲ್ಲ.

"ಎಲ್ಲರ ಮನೇಲೂ ಹಾಗೇ ಮಾಡಿದೀನಿ ಕಣೋ," ಎಂದ. "ಗೊತ್ತಾದ್ರೆ ನೀನು ನೊಂದ್ಕೋತೀಯ ಅಂತ."

ಅವನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು. ಪ್ರಿಂಟರ್ ಓಡುತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಊಟ ಬಿಟ್ಟಾದರೂ ಓಡಿಸುತ್ತಿದ್ದೆ. ಭಾನುವಾರ ನನ್ನ ಪಕ್ಕ ನಿಂತು ತಲೆಯಾಡಿಸಿ, ಸೋಮವಾರ ಬೆನ್ನ ಹಿಂದೆ ಹೀಗೆ ಮಾಡುವವನನ್ನು ಗೆಳೆಯ ಅನ್ನುವುದು ಹೇಗೆ? ಶತ್ರುವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸಂಜೆ ಸಭೆಯಲ್ಲಿ ಮೇಡಂ ಎದ್ದು, ಲಿನಕ್ಸ್ ತುಂಬಾ ಚೆನ್ನಾಗಿದೆ ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಅವರು ಬಳಸುವುದು ವಿಂಡೋಸ್, ಬೆಳಿಗ್ಗೆ ಕಣ್ಣಾರೆ ನೋಡಿದೆ, ನಾವು ಹೋದ ಯಾವ ಮನೆಯಲ್ಲೂ ಲಿನಕ್ಸ್ ಬಳಸುತ್ತಿಲ್ಲ ಎಂದುಬಿಟ್ಟೆ. ಶ್ರೀನಿವಾಸಯ್ಯ ಮೇಡಂ ಕಡೆ ತಿರುಗಿದರು.

ಮೇಡಂ ನನ್ನನ್ನು ಕನಿಕರದಿಂದ ನೋಡಿದರು. "ಇವ್ರಿಗೆ ಸಂಕೋಚ ಜಾಸ್ತಿ. ನಾನು ದಿನಾ ಬಳಸೋದು ಅದನ್ನೇ," ಎಂದರು. ಹಿಂದಿನ ಸಾಲಿನಿಂದ ನಾವು ಲಿನಕ್ಸ್ ಹಾಕಿಕೊಟ್ಟಿದ್ದ ಮನೆಗಳವರು ಒಬ್ಬೊಬ್ಬರಾಗಿ ನಮ್ಮನೆಯಲ್ಲೂ ಅದೇ, ನಮ್ಮನೆಯಲ್ಲೂ ಅದೇ ಎಂದರು.

ಶ್ರೀನಿವಾಸಯ್ಯ ಒಪ್ಪಿಬಿಟ್ಟರು. ಮುಂದೆ ತೊಂದರೆಯಾದರೆ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಅಭಿರಾಮ ಕೈಯೆತ್ತಿದ. ಎಲ್ಲರೂ ನನ್ನ ಕಡೆ ನೋಡುತ್ತ ಚಪ್ಪಾಳೆ ತಟ್ಟಿದರು. ನಾನು ಹೇಳಿದ್ದು ನಿಜವೆಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಎಲ್ಲ ಸೇರಿ ನನ್ನನ್ನು ಗೆಲ್ಲಿಸಿಬಿಟ್ಟರು.