ಒಂದು ಸಾಲು ಕೆಳಗೆ

ಹೊರಗೆ ಮೇಷ್ಟ್ರ ದೇಹವನ್ನು ನಡುಮನೆಗೆ ತರುತ್ತಿದ್ದರು. ಒಳಗೆ ಶಿಷ್ಯೆ ಅವರ ಮೇಜಿನ ಮೂರನೆಯ ಡ್ರಾಯರ್ ಎಳೆಯುತ್ತಿದ್ದಳು. ಅದು ಕಿರುಗುಟ್ಟಿತು. ಕೈ ಹಿಂತೆಗೆದು ಬಾಗಿಲತ್ತ ನೋಡಿದಳು. ಯಾರೂ ಬರಲಿಲ್ಲ. ಸಾವಿನ ಮನೆಯಲ್ಲಿ ಯಾರು ಯಾವ ಕೋಣೆ ಹೊಕ್ಕರೂ ಅಳುವುದಕ್ಕೇ ಹೋದರೆಂದು ಜನ ತಿಳಿಯುತ್ತಾರೆ.

ಅವಳಿಗೆ ಬೇಕಾದದ್ದು ಮೇಷ್ಟ್ರು ಗುರುತು ಹಾಕಿದ್ದ ಹಾಳೆಗಳ ಕಟ್ಟು. ಸೋಮವಾರ ಅವಳ ಪಿಎಚ್.ಡಿ. ಮೌಖಿಕ ಪರೀಕ್ಷೆ. ಅಂತಿಮ ದರ್ಶನಕ್ಕೆ ಬಂದ ಪರೀಕ್ಷಕರು ಸಂತಾಪ ಹೇಳಿದ ಉಸಿರಿನಲ್ಲೇ, ಆ ಕಟ್ಟನ್ನೊಮ್ಮೆ ನೋಡಬೇಕೆಂದಿದ್ದರು.

*

ಕಾಲೇಜುಗಳಲ್ಲಿ ಚಿತ್ರ ಓದುವುದನ್ನು, ಅಂದರೆ ನೋಡಿ ಅರ್ಥಮಾಡಿಕೊಳ್ಳುವುದನ್ನು, ಕಲಿಸುವ ಬಗ್ಗೆ ನಡೆದಿರುವ ಸಂಶೋಧನೆ ಯಾವ ದಿಕ್ಕು ಹಿಡಿದಿದೆ? ಅವಳ ವಿಷಯ ಅದು. ಆ ಸಂಶೋಧನೆಗಳಲ್ಲಿ ಬಳಸಿದ ಆರುನೂರು ಚಿತ್ರಗಳನ್ನು ಗುರು-ಶಿಷ್ಯೆ ಬೇರೆ ಬೇರೆ ಕೂತು ನೋಡಿ, ಪ್ರತಿಯೊಂದೂ ಯಾವ ಬಗೆಯದೆಂದು ಹಾಳೆಯಲ್ಲಿ ಗುರುತು ಹಾಕಬೇಕು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡುವಂತಿಲ್ಲ; ನೋಡದೆಯೂ ಇಬ್ಬರ ಗುರುತು ತಾಳೆಯಾದರೆ ಮಾತ್ರ ಫಲಿತಾಂಶಕ್ಕೆ ಬೆಲೆ.

ಮೊದಲ ಚಿತ್ರಕ್ಕೇ ಅವಳ ಪೆನ್ನು ನಿಂತಿತು. ವಿಭಾಗದವರೆಲ್ಲ ‘ಹದ್ದು’ ಎನ್ನುತ್ತಿದ್ದ ಮೇಷ್ಟ್ರ ಕಣ್ಣೆಲ್ಲಿ, ತನ್ನದೆಲ್ಲಿ? ಅವರು ಪಾಠಕ್ಕೆ ಹೋದಾಗ ಅವರ ಹಾಳೆ ತೆರೆದು ನಕಲು ಮಾಡಿಕೊಂಡಳು. ಅನುಮಾನ ಬಾರದಿರಲೆಂದು ಅಲ್ಲಲ್ಲಿ ಬೇರೆ ಗುರುತು. ನೂರಕ್ಕೆ ತೊಂಬತ್ತಾರು ತಾಳೆಯಾಯಿತು.

ತಪ್ಪು ಕಣ್ಣಿಗೆ ಬಿದ್ದದ್ದು ಪ್ರಬಂಧ ಸಲ್ಲಿಸಿದ ಮೇಲೆ. ಮೇಷ್ಟ್ರು ಇನ್ನೂರ ಹನ್ನೆರಡನೆಯ ಸಾಲು ಖಾಲಿ ಬಿಟ್ಟು, ಮುಂದಿನ ಗುರುತುಗಳನ್ನೆಲ್ಲ ಒಂದೊಂದು ಸಾಲು ಕೆಳಗೆ ಹಾಕಿದ್ದರು. ಪ್ರಬಂಧದ ಕೊನೆಯಲ್ಲಿ ಅಚ್ಚಾಗಿದ್ದ ಅವಳ ಪಟ್ಟಿಯೂ ಹಾಗೇ ಇತ್ತು.

*

“ಆ ಹಾಳೆ ಹುಡುಕ್ತಿದ್ದೀಯಾ? ಪರೀಕ್ಷಕರು ಕೇಳಿದ್ರು, ಕೊಟ್ಟೆ.”

ಬಾಗಿಲಲ್ಲಿ ಮೇಷ್ಟ್ರ ಹೆಂಡತಿ. ಆಕೆ ಹತ್ತಿರ ಬಂದು ದನಿ ತಗ್ಗಿಸಿದರು.

“ಯಾರಿಗೂ ಹೇಳ್ಬೇಡ ಕಣೆ. ಎರಡು ವರ್ಷದಿಂದ ಅವರಿಗೆ ಸರಿಯಾಗಿ ಕಾಣ್ತಿರಲಿಲ್ಲ. ಚಿತ್ರ ಹೀಗಿದೆ ಅಂತ ನಾನು ಹೇಳೋದು, ಅವರು ಹೇಳಿದ ಗುರುತು ನಾನೇ ಹಾಕೋದು. ನಂಗೂ ಒಂದು ಕಣ್ಣಿಗೆ ಪೊರೆ.” ಆಕೆಗೆ ನಗು ಬಂದು ಅರ್ಧಕ್ಕೇ ನಿಂತಿತು. “ನಿಂದೂ ಅದೇ ಬಂತು ಅಂದಾಗ ಮಗು ಥರ ಕುಣಿದ್ರು. ನನ್ನ ಕಣ್ಣಿನ್ನೂ ಹೋಗಿಲ್ಲ ಕಣೇ ಅಂದ್ರು. ಕೋಲು ಮೂಲೆಗೆ ಎಸೆದ್ರು. ಆ ಧೈರ್ಯದಲ್ಲೇ ಮೊನ್ನೆ ಒಬ್ರೇ ರಸ್ತೆ ದಾಟೋಕೆ ಹೋಗಿದ್ದು.”

ಶಿಷ್ಯೆ ತೆರೆದ ಡ್ರಾಯರ್ ಮುಚ್ಚಿದಳು.

ಅವಳನ್ನು ಕೈಹಿಡಿದು ನಡುಮನೆಗೆ ಕರೆದೊಯ್ದವರು ಆಕೆಯೇ. ಗೋಡೆಯ ಪಕ್ಕ ಪರೀಕ್ಷಕರು ಕೂತಿದ್ದರು. ಒಂದು ತೊಡೆಯ ಮೇಲೆ ಕಟ್ಟು, ಇನ್ನೊಂದರ ಮೇಲೆ ಅವಳ ಪ್ರಬಂಧ, ಎರಡರ ಮೇಲೂ ಒಂದೊಂದು ಬೆರಳು. ಬೆರಳುಗಳು ಜೊತೆಯಾಗಿ ಇಳಿಯುತ್ತ ಬಂದು ಒಂದೇ ಖಾಲಿ ಸಾಲಿನಲ್ಲಿ ನಿಂತವು.

ಮೇಷ್ಟ್ರ ಹೆಂಡತಿ ಗಂಡನ ಎರಡು ಫೋಟೋ ಎತ್ತಿ ಹಿಡಿದರು. “ಅವರ ತಲೆ ಹತ್ರ ಯಾವುದಿಡೋಣ? ನೀನೇ ನೋಡಿ ಹೇಳು. ಅವರು ನಂಬಿದ್ದ ಕಣ್ಣು ನಿಂದು.”

ಶಿಷ್ಯೆ ಫೋಟೋಗಳನ್ನು ನೋಡಲಿಲ್ಲ. ಅಭ್ಯಾಸಬಲದಿಂದ, ಪರೀಕ್ಷಕರ ನೋಟ ಯಾವ ಫೋಟೋದ ಮೇಲೆ ನಿಂತಿದೆಯೆಂದು ಹುಡುಕಿದಳು.

ಅದು ಅವಳ ಮೇಲೆಯೇ ಇತ್ತು.