ಸಾಲಿನಲ್ಲಿ ಇಲ್ಲದ ಅಳಿಯಂದಿರು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮೇಜಿನ ಹಿರಿಯಳನ್ನು ಎಲ್ಲರೂ ಕಥೆಯಕ್ಕ ಎನ್ನುತ್ತಿದ್ದರು. ಹಾಸುಬಟ್ಟೆಯ ಎರಡು ಮೂಲೆ ಅವಳ ಕೈಯಲ್ಲಿ, ಎರಡು ಎದುರಿನವಳ ಕೈಯಲ್ಲಿ. ಮಡಿಸುತ್ತ ಮಡಿಸುತ್ತ ಇಬ್ಬರೂ ಹತ್ತಿರ ಬರುವಾಗ ಕಥೆಯೂ ಒಂದು ಮಡಿಕೆ ಮುಂದೆ ಹೋಗುತ್ತಿತ್ತು. ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈಗುಣ. ಇವಳಿಗೆ ಕೊಟ್ಟದ್ದು ಉಪ್ಪುಖಾರ ಹಚ್ಚುವ ನಾಲಿಗೆ. ಕೇಳಿದ ಕಥೆಯನ್ನು ಕೇಳಿದಷ್ಟೇ ಹೇಳುವುದೆಂದರೆ ಅವಳಿಗೆ ಬರಿಗೈಯಲ್ಲಿ ನೆಂಟರ ಮನೆಗೆ ಹೋದ ಹಾಗೆ.

ಅವಳಿಗಿದ್ದ ಆಸೆ ಒಂದೇ. ಮೇಲಿನ ಮಹಡಿಯ ಮಕ್ಕಳ ವಾರ್ಡಿನಲ್ಲಿ ಸಂಜೆ ಕಥೆ ಓದಿ ಹೇಳುವವರ ಜಾಗ ಖಾಲಿಯಿತ್ತು. ಅಲ್ಲಿನ ಮಕ್ಕಳ ಮನೆಮಾತು ಹತ್ತು ಬಗೆ. ಎಲ್ಲರಿಗೂ ಅಷ್ಟಿಷ್ಟು ತಿಳಿಯುವುದು ಇಂಗ್ಲಿಷ್, ಕಪಾಟಿನ ಪುಸ್ತಕಗಳೂ ಅದರಲ್ಲೇ. ಒಮ್ಮೆ ಅವಳು ತನಗೆ ಬರುವ ಹರಕು ಇಂಗ್ಲಿಷಿನಲ್ಲಿ ಕೂತು ಓದಿಯೂ ಇದ್ದಳು. ಕೈಗೆ ಪಟ್ಟಿ ಕಟ್ಟಿದ್ದ ಹುಡುಗಿಯೊಬ್ಬಳು ಆಮೇಲೆ ಪುಟ ತಿರುವಿ ತಿರುವಿ, "ಹುಲಿ ಎಲ್ಲಿದೆ?" ಎಂದು ಅಳಲು ಹಿಡಿದಳು. ಪುಸ್ತಕದಲ್ಲಿ ಹುಲಿ ಇರಲೇ ಇಲ್ಲ.

ವಾರ್ಡಿನ ಹಿರಿಯ ನರ್ಸ್ ಮೆತ್ತಗೆ ಹೇಳಿದರು, "ಅಕ್ಕಾ, ಆಸ್ಪತ್ರೆ ಕೆಲಸದವರಿಗೆಲ್ಲ ಸಂಜೆ ಇಂಗ್ಲಿಷ್ ಕ್ಲಾಸ್ ಶುರುವಾಗ್ತಿದೆ. ಅದನ್ನ ಪಾಸ್ ಮಾಡ್ಕೊಂಡು ಬನ್ನಿ. ಓದೋ ಕೆಲಸ ನಿಮ್ಗೇ."

ಕ್ಲಾಸು ನಡೆಯುತ್ತಿದ್ದದ್ದು ಇಸ್ತ್ರಿ ಕೋಣೆಯಲ್ಲೇ, ಯಂತ್ರಗಳ ಬಿಸಿ ಆರುವ ಹೊತ್ತಿಗೆ. ಟೀಚರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ನಿಧಾನ. ಮೊದಲ ದಿನವೇ ಬೋರ್ಡಿನ ಮೇಲೆ ಕಲಿಕೆಯ ಗುರಿಗಳನ್ನು ಬರೆದರು. ಕಥೆಯಲ್ಲಿ ಯಾರು ಏನು ಮಾಡಿದರು ಎಂದು ಒಪ್ಪಿಸಿದರೆ ಸಾಲದು, ಏಕೆ ಮಾಡಿದರು ಎಂದು ಹೇಳಬೇಕು. ಹಾಗೆನ್ನಲು ಆಧಾರವಾದ ಸಾಲನ್ನು ಬೆರಳಿಟ್ಟು ತೋರಿಸಬೇಕು. ಎದುರಿನವರು ಬೇರೆ ಮಾತು ಹೇಳಿದರೆ ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡಬೇಕು. ವರ್ಷದ ಕೊನೆಗೆ ಪರೀಕ್ಷೆಯೂ ಅದೇ: ಇಬ್ಬಿಬ್ಬರು ಎದುರುಬದುರು ಕೂತು ಒಂದು ಕಥೆಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವುದು.

ಒಂದು ಪಾಠದಲ್ಲಿ ಮುದುಕಿಯೊಬ್ಬಳು ಇದ್ದಕ್ಕಿದ್ದಂತೆ ಊರು ಬಿಡುತ್ತಾಳೆ. ಏಕೆ ಎಂದು ಕೇಳಿದ್ದೇ ತಡ, ಕಥೆಯಕ್ಕ ಆ ಮುದುಕಿಗೆ ಇಬ್ಬರು ಕುಡುಕ ಅಳಿಯಂದಿರನ್ನು ಕೊಟ್ಟಳು. ಮಳೆಯಲ್ಲಿ ಅವಳನ್ನು ಹೊಸ್ತಿಲಾಚೆ ನಿಲ್ಲಿಸಿದಳು. ಕೋಣೆಗೆ ಕೋಣೆಯೇ ಕಣ್ಣೊರೆಸಿಕೊಂಡಿತು. ಟೀಚರಮ್ಮನೂ ಒರೆಸಿಕೊಂಡು ಕೇಳಿದರು, "ತುಂಬಾ ಚೆನ್ನಾಗಿದೆ ಅಕ್ಕಾ. ಅಳಿಯಂದಿರು ಯಾವ ಸಾಲಲ್ಲಿದ್ದಾರೆ?"

"ಸಾಲಲ್ಲಿಲ್ಲ. ಆದ್ರೆ ಇರ್ಲೇಬೇಕಲ್ಲ."

ಹಿಂದಿನ ಬೆಂಚಿನಲ್ಲಿ ಅವಳ ಮೈದುನ, ಆಂಬುಲೆನ್ಸ್ ಡ್ರೈವರ್, ಗಂಟಲು ಸರಿಮಾಡಿಕೊಂಡ. "ಬಿಡಿ ಟೀಚರ್. ನಮ್ಮತ್ತಿಗೆ ದಿನಸಿ ಚೀಟಿ ಓದಿದ್ರೂ ಅದ್ರಲ್ಲೊಂದು ಕೊಲೆ ಸೇರಿಸ್ತಾಳೆ."

"ಮೊದ್ಲು ನಿನ್ನನ್ನೇ ಸೇರಿಸ್ತೀನಿ ಕಣೋ," ಎಂದಳು ಕಥೆಯಕ್ಕ.

ನಗೆ ಎದ್ದಿತು. ಆದರೆ ಅವಳ ಎದೆಯಲ್ಲಿ ಆ ಪ್ರಶ್ನೆ ಮುಳ್ಳಾಗಿ ಕೂತಿತು. ಇಷ್ಟು ವರ್ಷ ಕಥೆಗೆ ಕೊಡುವುದನ್ನಷ್ಟೇ ಕಲಿತಿದ್ದವಳು, ಕಥೆ ತನಗೆ ಏನು ಕೊಡುತ್ತಿದೆ ಎಂದು ಕೇಳಿಯೇ ಇರಲಿಲ್ಲ. ಅಂದಿನಿಂದ ಸಾಲಿನ ಕೆಳಗೆ ಬೆರಳಿಟ್ಟು, ಅಕ್ಕಿ ಆರಿಸುವ ಹಾಗೆ ಓದತೊಡಗಿದಳು. ಬೆಳಗಿನ ಪ್ರಾರ್ಥನೆಗೂ ಒಂದು ಮಾತು ಸೇರಿತು: ಇರುವಷ್ಟನ್ನು ಕಾಣುವ ಕಣ್ಣು ಕೊಡಪ್ಪಾ.

ಪರೀಕ್ಷೆಯ ದಿನ ಚೀಟಿ ಎತ್ತಿದರೆ ಅವಳ ಜೋಡಿಯಾಗಿ ಬಂದವನು ಮೈದುನನೇ. "ಹಾವು ಮುಂಗುಸಿ," ಎಂದು ಯಾರೋ ಪಿಸುಗುಟ್ಟಿದರು.

ಕೊಟ್ಟ ಕಥೆ ಒಂದೇ ಪುಟದ್ದು. ದೂರದಲ್ಲಿ ಕೆಲಸ ಮಾಡುವ ಮಗಳನ್ನು ಕರೆತರಲು ತಂದೆಯೊಬ್ಬ ದಿನಾ ಸಂಜೆ ಲಾಟೀನು ಹಿಡಿದು ರೈಲು ನಿಲ್ದಾಣಕ್ಕೆ ಹೋಗುತ್ತಾನೆ. ಒಂದು ಸಂಜೆ ಮಗಳು ತನ್ನದೇ ಟಾರ್ಚು ಹಿಡಿದು, ಜೊತೆಯ ಇಬ್ಬರಿಗೆ ದಾರಿ ತೋರಿಸುತ್ತ ಇಳಿಯುತ್ತಾಳೆ. ತಂದೆ ಲಾಟೀನು ಆರಿಸಿ, ಅವಳನ್ನು ಕರೆಯದೆ ಹಿಂತಿರುಗುತ್ತಾನೆ. ಏಕೆ?

ಕಥೆಯಕ್ಕ ಇಂಗ್ಲಿಷಿನಲ್ಲಿ ಪದ ಪದ ಜೋಡಿಸಿ ಹೇಳಿದಳು, "ಅಪ್ಪನಿಗೆ ಸಿಟ್ಟು. ಮಗಳಿಗೆ ತಾನು ಬೇಡವಾದೆ ಅಂತ. ಅದಕ್ಕೇ ದೀಪ ಆರಿಸಿದ." ಬೆರಳು ಸಾಲಿನ ಮೇಲೇ ಇತ್ತು. ಟೀಚರಮ್ಮ ತಲೆಯಾಡಿಸಿದರು.

ಮೈದುನ ಪುಟದ ಕೊನೆ ತೋರಿಸಿದ. ಅವನ ಇಂಗ್ಲಿಷೂ ಕುಂಟುತ್ತಿತ್ತು. "ಮನೆಗೆ ಹೋಗಿ ಎರಡು ಲೋಟ ಇಟ್ಟ, ಅಂತಿದೆ. ಸಿಟ್ಟು ಬಂದವನು ಎರಡು ಲೋಟ ಇಡ್ತಾನಾ?"

ಆ ಸಾಲನ್ನು ಅವಳು ಓದಿದ್ದಳು, ನೋಡಿರಲಿಲ್ಲ. ಆ ಕ್ಷಣವೇ ತಂದೆಗೊಬ್ಬ ಒಕ್ಕಣ್ಣ ತಮ್ಮ ಅವಳ ನಾಲಿಗೆಯ ತುದಿಗೆ ಬಂದು ನಿಂತ. ಎರಡನೆಯ ಲೋಟ ಅವನದೆಂದರೆ ಮುಗಿಯಿತು, ಗೆದ್ದಂತೆ. ಇನ್ನೇನು ಅವನು ಬಾಯಿ ದಾಟಬೇಕು. ಅವಳು ನುಂಗಿಕೊಂಡಳು. ಪುಟವನ್ನು ಮೇಲಿನಿಂದ ಮತ್ತೆ ಓದಿದಳು. ಟೀಚರಮ್ಮನ ಪೆನ್ನು ಕಾಗದದ ಮೇಲೆ ಅಲ್ಲಾಡದೆ ನಿಂತಿತ್ತು.

"ನೀನು ಹೇಳಿದ್ದು ಸರಿ," ಎಂದಳು, ಇಂಗ್ಲಿಷಿನಲ್ಲಿ. "ನಾನು ನನ್ನ ಅಭಿಪ್ರಾಯ ಬದಲಾಯಿಸ್ತೀನಿ." ಮತ್ತೆ ಬೆರಳು ನಡುವಿನ ಸಾಲಿಗೆ ಹೋಯಿತು. "ನೀನು ಹೇಳಿದ್ದಕ್ಕೆ ಇದೂ ಸೇರುತ್ತೆ. ಹಿಂದಿನ ಓಣಿಯಲ್ಲಿ ಹೋದ, ಅದು ಸುತ್ತುದಾರಿ, ಅಂತಿದೆ. ಮಗಳಿಗೆ ಕಾಣಬಾರದು ಅಂತ ಸುತ್ತಿಕೊಂಡು ಹೋದ. ಅವಳ ಬೆಳಕಲ್ಲಿ ಅವಳೇ ಬರಲಿ ಅಂತ. ಇದು ಸಿಟ್ಟಲ್ಲ. ಹೆಮ್ಮೆ."

ಮೈದುನ ಪುಟದ ಮೇಲೆ ಬಗ್ಗಿ ಆ ಸಾಲು ಓದಿದ. ಆಮೇಲೆ ಇಂಗ್ಲಿಷ್ ಮರೆತು, "ಹೌದಲ್ಲ ಅತ್ತಿಗೆ," ಎಂದ.

ಟೀಚರಮ್ಮ ಇಬ್ಬರಿಗೂ ಪಾಸು ಕೊಟ್ಟರು. "ವಾದದಲ್ಲಿ ಗೆಲ್ಲೋದನ್ನ ಯಾರಿಗಾದ್ರೂ ಕಲಿಸಬಹುದು ಅಕ್ಕಾ. ಒಪ್ಪಿಕೊಳ್ಳೋದನ್ನ ಕಲಿಸೋದು ಕಷ್ಟ," ಎನ್ನುತ್ತ ಅವಳ ಕೈ ಹಿಡಿದುಕೊಂಡರು.

ಮೈದುನ ಒಗೆಯುವ ಕೋಣೆ, ಅಡುಗೆಕೋಣೆ, ಗೇಟಿನವರೆಗೂ ಸುದ್ದಿ ಹಂಚಿದ: "ಮದುವೆಯಾಗಿ ನಮ್ಮನೆಗೆ ಬಂದಾಗಿಂದ ನಮ್ಮ ಭಾಷೇಲಿ ಒಂದ್ಸಲಾನೂ ನನ್ನ ಮಾತು ಒಪ್ಪಿಲ್ಲ. ಇವತ್ತು ಇಂಗ್ಲಿಷಲ್ಲಿ ಒಪ್ಪಿದ್ಲು ನೋಡ್ರಪ್ಪ."

ಮರುವಾರ ಕಥೆಯಕ್ಕ ವಾರ್ಡಿನಲ್ಲಿ ಕೂತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆದಳು. ಪುಟದಲ್ಲಿದ್ದಷ್ಟನ್ನೇ ಓದಿದಳು. ನಾಯಿಯೊಂದು ಓಡಿಹೋಗಿ ತಾನಾಗಿ ಮರಳಿದಾಗ ಹುಡುಗನೊಬ್ಬ ಯಾಕೆ ಎಂದ. ಅವಳು ಪುಸ್ತಕವನ್ನು ಹಾಸಿಗೆಯ ಮೇಲೆ ಅವನತ್ತ ತಿರುಗಿಸಿಟ್ಟು ಕಾದಳು. ಅವನ ಪುಟ್ಟ ಬೆರಳು ಸಾಲಿನಿಂದ ಸಾಲಿಗೆ ಇಳಿಯತೊಡಗಿತು.

ಬಾಗಿಲ ಬಳಿ ಖಾಲಿ ಸ್ಟ್ರೆಚರ್ ತಳ್ಳಿಕೊಂಡು ಬಂದ ಮೈದುನ ನಿಂತು, ಗುರುತು ಪರಿಚಯವಿಲ್ಲದ ಒಬ್ಬ ಡಾಕ್ಟರನ್ನು ತಡೆದ. "ಅಲ್ಲಿ ಓದ್ತಿದಾರಲ್ಲ ಸಾರ್," ಎಂದ ತಗ್ಗಿದ ದನಿಯಲ್ಲಿ, "ಅವ್ರು ನಮ್ಮತ್ತಿಗೆ."