ನೀಲಿ ಬಟ್ಟೆಯ ಹನ್ನೆರಡು ಕುರ್ಚಿಗಳು

ದಾನೇಶ್ವರಿ ಕುರ್ಚಿಯಿಂದ ಬಿದ್ದದ್ದು ಬೆಳಗಿನ ಹನ್ನೊಂದು ಗಂಟೆಗೆ, ಅಂಗಡಿಯಲ್ಲಿ ಏಳೆಂಟು ಜನ ನಿಂತಿದ್ದಾಗ. ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರುಗಳ ಸಾಲಿನಲ್ಲಿ ಅವಳದೊಂದು ಜೆರಾಕ್ಸ್ ಅಂಗಡಿ. ಎರಡು ಸಾವಿರದ ಐದನೆಯ ಇಸವಿ. ಊರಿಗೆ ಊರೇ ಸಾಫ್ಟ್‌ವೇರ್ ಕೆಲಸ ಹುಡುಕುತ್ತಿದ್ದ ಕಾಲ. ಓದು ಮುಗಿಸಿದವರು ಕೈಬರಹದ ಹಾಳೆ ತಂದು ಕೊಡುತ್ತಿದ್ದರು, ಅವಳು ಅದನ್ನು ಒಪ್ಪವಾದ ಬಯೋಡಾಟಾ ಮಾಡಿ ಕೊಡುತ್ತಿದ್ದಳು. ಮಾನ್ವಿಯಿಂದ ಮದುವೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು. ಇಂಗ್ಲಿಷಾಗಲಿ ತೆಲುಗಾಗಲಿ, ಕೀಬೋರ್ಡಿನ ಮೇಲೆ ಅವಳ ಬೆರಳು ತಡವರಿಸುತ್ತಿರಲಿಲ್ಲ.

ಅಂದು ಪ್ರಿಂಟರಿನ ಹಾಳೆ ಎಳೆದುಕೊಳ್ಳಲು ತುಸು ಹಿಂದಕ್ಕೆ ವಾಲಿದಳು, ಅಷ್ಟೇ. ಕೆಳಗೆ ಕಟ್ ಎಂದಿತು. ಚಕ್ರದ ಕುರ್ಚಿಯ ಐದು ಕಾಲುಗಳಲ್ಲಿ ಒಂದು ಬುಡದಲ್ಲೇ ಮುರಿದು, ಕುರ್ಚಿ ಅವಳನ್ನು ಹೊತ್ತುಕೊಂಡೇ ಉರುಳಿತು. ಬಲಗೈ ಊರಿದಳು. ಮಣಿಕಟ್ಟು ಮುರಿಯಿತು. ಆದರೆ ನೋವಿಗಿಂತ ಮೊದಲು ಅವಳಿಗೆ ತಾಗಿದ್ದು ನಿಂತವರ ನಗು. ಯಾರೋ ತೆಲುಗಿನಲ್ಲಿ, "ಪಾಪಂ, ಕುರ್ಚೀ" ಅಂದರು.

ದಾನೇಶ್ವರಿ ದಪ್ಪ ಹೆಂಗಸು. ಚಿಕ್ಕಂದಿನಿಂದಲೂ ದಪ್ಪ.

ಕೈಗೆ ಆರು ವಾರದ ಪ್ಲಾಸ್ಟರು ಬಿತ್ತು, ಅಂಗಡಿ ಕೆಲವು ದಿನ ಮುಚ್ಚಿತ್ತು. ಬೇಗಂಪೇಟೆಯ ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಗಂಡ ಅಂಬಾದಾಸ ರಜೆ ಹಾಕಿ ಎರಡು ದಿನ ಅಡಿಗೆ ಮಾಡಿದ. ಆ ಕುರ್ಚಿಯನ್ನು, ಹೆಂಡತಿಗೆ ಸೊಂಟ ನೋಯುತ್ತದೆಂದು, ಹಳೆಯ ಆಫೀಸು ಸಾಮಾನು ಮಾರುವ ಸೂಗಪ್ಪನಿಂದ ತಂದವನೂ ಅವನೇ.

"ಒಗದುಬಿಡು ಅದನ್ನ. ಗುಜರಿಯಾಂವ ಬಂದ್ರ ಕೊಟ್ಟಬಿಡು," ಅಂದ. "ಇನ್ನ ಮ್ಯಾಲೆ ಕಟ್ಟಿಗಿ ಕುರ್ಚಿನ ಚಲೋ."

ಅವಳ ಮೈಯ ಬಗ್ಗೆ ಅವನು ಏನೂ ಹೇಳಲಿಲ್ಲ. ಹೇಳದಿರಲು ಅವನು ಕಷ್ಟಪಡುತ್ತಿದ್ದಾನೆ ಅನ್ನಿಸಿ ಅವಳಿಗೆ ಇನ್ನಷ್ಟು ಸಂಕಟವಾಯಿತು. ಎರಡು ರೊಟ್ಟಿ ತಿನ್ನುತ್ತಿದ್ದವಳು ಒಂದಕ್ಕಿಳಿದಳು. ಬಿದ್ದ ದಿನ ಅಂಗಡಿಯಲ್ಲಿದ್ದವರು ಮತ್ತೆ ಬಂದರೆ ಮುಖ ತಗ್ಗಿಸುತ್ತಿದ್ದಳು. ಕುರ್ಚಿ ಮಾತ್ರ ಅಂಗಡಿಯ ಹಿಂದಿನ ಓಣಿಯಲ್ಲಿ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಗುಜರಿಯವನು ಆ ವಾರ ಬರಲಿಲ್ಲ.

ಬಂದವಳು ಭಾಗ್ಯಶ್ರೀ. ಬೀದರಿನ ಹುಡುಗಿ, ಇದ್ದ ಕೆಲಸ ಬದಲಾಯಿಸಬೇಕೆಂದಿದ್ದವಳು. ದಾನೇಶ್ವರಿಯ ಕೈ ನೋಡಿ, ಬಯೋಡಾಟಾ ತಾನೇ ಟೈಪ್ ಮಾಡಿಕೊಳ್ಳುತ್ತೇನೆಂದು ಕೂತಳು. ಕೈ ತೊಳೆಯಲು ಹಿಂದಿನ ಬಾಗಿಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಆಂಟಿ, ಈ ನೀಲಿ ಕುರ್ಚಿ ನಿಮಗೆಲ್ಲಿ ಸಿಕ್ತು? ಇವು ನಮ್ಮ ಹಳೇ ಆಫೀಸಿನವು."

"ಅದರ ಮ್ಯಾಲಿಂದನ ಬಿದ್ದೀನವಾ."

ಹುಡುಗಿ ಬಗ್ಗಿ, ಸೀಟಿನ ಅಡಿ ಅಂಟಿಸಿದ ಚೀಟಿಯ ನಂಬರು ಓದಿದಳು. "ಇದರ ಮ್ಯಾಲೆ ಕೂಡಬ್ಯಾಡ್ರಿ ಅಂತ ನಮಗೆಲ್ಲ ಇ-ಮೇಲ್ ಬಂದಿತ್ತು. ಕಾಲು ಸೀಳತಾವಂತ. ಕುರ್ಚಿ ಮಾಡಿದ ಕಂಪನಿನ ಇವನ್ನೆಲ್ಲ ವಾಪಸ್ ಕಳಸ್ರಿ ಅಂದಿತ್ತು. ಅಷ್ಟ್ರಾಗ ಆಫೀಸು ಮಾಧಾಪುರಕ್ಕ ಹೋತು. ಕುರ್ಚಿ ಏನಾದವೋ ಯಾರೂ ಕೇಳಲಿಲ್ಲ."

ಮರುದಿನ ಅವಳು ಆ ಇ-ಮೇಲ್‌ನ ಪ್ರಿಂಟು ತಂದುಕೊಟ್ಟಳು. ಕೂತವರ ತೂಕ ಎಷ್ಟೇ ಇರಲಿ, ಅಚ್ಚಿನಲ್ಲಿ ಆದ ದೋಷದಿಂದ ಈ ನಂಬರಿನ ಕುರ್ಚಿಗಳ ಕಾಲು ಬುಡದಲ್ಲಿ ಬಿರಿಯಬಹುದು ಎಂದು ಅದರಲ್ಲಿತ್ತು. ದಾನೇಶ್ವರಿ ಆ ಒಂದು ಸಾಲನ್ನು ಮೂರು ಸಲ ಓದಿದಳು. ಆಮೇಲೆ ಅಂಗಡಿಯ ಶಟರನ್ನು ಅರ್ಧ ಇಳಿಸಿ, ಒಳಗೆ ಕೂತು ಅತ್ತಳು. ಬಿದ್ದ ದಿನ ಅವಳು ಅತ್ತಿರಲಿಲ್ಲ.

ಮೇಲಿನ ಮಹಡಿಯಲ್ಲಿ ವಕೀಲೆ ಅಹಲ್ಯಾ ಅವರ ಆಫೀಸು. ಅವರ ಅರ್ಜಿಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳು ದಾನೇಶ್ವರಿಯೇ. ರಾಯಚೂರು ಕಡೆಯವರಾದ ಅಹಲ್ಯಾ ಎಲ್ಲ ಕೇಳಿ, ಮೊದಲು ಓಣಿಗೆ ಇಳಿದು ಬಂದು ಕುರ್ಚಿ ನೋಡಿದರು.

"ಇದನ್ನ ಒಳಗ ಇಟ್ಟು ಕೀಲಿ ಹಾಕ್ರಿ. ಯಾರ ಕೈಗೂ ಕೊಡಬ್ಯಾಡ್ರಿ, ರಿಪೇರಿನೂ ಮಾಡಸಬ್ಯಾಡ್ರಿ. ಹೆಂಗ ಐತಿ ಹಂಗ ಇರಲಿ. ಫೋಟೋ ತಗಸ್ರಿ, ಆ ನಂಬರಿಂದೂ. ಎಕ್ಸರೇ, ದವಾಖಾನಿ ಚೀಟಿ, ಕುರ್ಚಿ ತಂದ ರಸೀತಿ ಒಂದ ಫೈಲಿನಾಗ ಹಾಕ್ರಿ. ನೀವು ಬಿದ್ದದ್ದು ನೋಡಿದವರ ಹೆಸರೂ ಬೇಕು. ಮತ್ತ, ಯಾರಾದ್ರೂ ಸಹಿ ಕೇಳಿದ್ರ ನನಗ ತೋರಿಸೂ ತನಕಾ ಮಾಡಬ್ಯಾಡ್ರಿ."

ನೋಡಿದವರು ಎಂದರೆ ನಕ್ಕವರು. ಅವರನ್ನೇ ಹೋಗಿ ಕೇಳಬೇಕಿತ್ತು. ಎರಡು ದಿನ ಹಿಂಜರಿದು, ಮೂರನೆಯ ದಿನ ಅವರು ಕಲಿಯುತ್ತಿದ್ದ ಪಕ್ಕದ ಕೋಚಿಂಗ್ ಸೆಂಟರಿಗೆ ಹೋದಳು. ಇ-ಮೇಲ್‌ನ ಪ್ರಿಂಟನ್ನು ಅವರ ಮುಂದಿಟ್ಟು, ಕಂಡದ್ದನ್ನು ಬರೆದುಕೊಡಿ ಎಂದಳು. ಮೂವರು ಬರೆದುಕೊಟ್ಟರು. ಒಬ್ಬ ಅವಳ ಮುಖ ನೋಡಲಾರದೆ ಬರೆದ.

ಕುರ್ಚಿ ಮಾಡಿದ ಕಂಪನಿಗೂ ಭಾಗ್ಯಶ್ರೀಯ ಆಫೀಸಿಗೂ ರಿಜಿಸ್ಟರ್ಡ್ ಪತ್ರಗಳು ಹೋದವು. ಎಡಗೈ ಒಂದರಿಂದಲೇ ಅವಳು ಅವನ್ನು ಟೈಪ್ ಮಾಡಿದ್ದಳು.

ಸುದ್ದಿ ತಿಳಿದು ಸೂಗಪ್ಪ ಮೋಸಂಬಿ ಹಿಡಿದುಕೊಂಡು ಬಂದ. ಯಾದಗಿರಿಯವನು, ಹಬ್ಬಕ್ಕೆ ಇವರ ಮನೆಯಲ್ಲೇ ಊಟ.

"ಅಕ್ಕಾ, ಆ ಮುರುಕ ಕುರ್ಚಿ ನನಗ ಕೊಡ್ರಿ. ಅದರ ಬದಲು ಎರಡು ಹೊಸಾವು ಕೊಡತೀನಿ."

"ಅಂಥವು ಎಷ್ಟು ತಂದಿದ್ದಿ?"

"ಹನ್ನೆರಡು. ಹರಾಜಿನಾಗ."

"ಉಳಿದ ಹನ್ನೊಂದು?"

"ಮಾರಿದ್ನಲ್ಲಕ್ಕಾ. ಮನಿಮನಿಗೆ ಹೋಗಿ ಹೇಳಿಕೋತ ಕುಂತ್ರ ನನ್ನ ಅಂಗಡಿ ಬಾಗಲಾ ಹಾಕಬೇಕಾಗತೈತಿ."

ದಾನೇಶ್ವರಿ ಮೋಸಂಬಿಯ ಚೀಲ ಪಕ್ಕಕ್ಕಿಟ್ಟಳು. ಅವನ ಭಯ ಸುಳ್ಳಾಗಿರಲಿಲ್ಲ. ಅಂಗಡಿಯ ಬಾಗಿಲು ಹಾಕುವುದು ಎಂದರೇನೆಂದು ಈಗ ಅವಳಿಗೂ ಗೊತ್ತಿತ್ತು.

"ನಿನ್ನ ಮ್ಯಾಲೆ ಸಿಟ್ಟಿಲ್ಲೋ ಸೂಗಪ್ಪ. ನಿನಗೂ ಗೊತ್ತಿರಲಿಲ್ಲ," ಅಂದಳು. "ಇವತ್ತಿನಿಂದ ಗೊತ್ತೈತಿ."

ಅವನು ಚಹಾ ಕುಡಿಯದೆ ಎದ್ದುಹೋದ. ಭಾನುವಾರ ಬೆಳಿಗ್ಗೆ ಮಾತ್ರ ಅವನ ಟ್ರಾಲಿ ಆಟೋ ಮನೆ ಮುಂದೆ ಬಂದು ನಿಂತಿತು. ಹನ್ನೊಂದರಲ್ಲಿ ಒಂಬತ್ತನ್ನು ಯಾರಿಗೆ ಮಾರಿದ್ದೆಂದು ಅವನಿಗೆ ನೆನಪಾಗಿತ್ತು. ದಾನೇಶ್ವರಿಯ ಜೊತೆ ಅಂಬಾದಾಸನೂ ಹತ್ತಿಕೊಂಡ. ಹಲ್ಲಿನ ಡಾಕ್ಟರಲ್ಲಿ ಎರಡು, ಟೈಪಿಂಗ್ ಶಾಲೆಯಲ್ಲಿ ನಾಲ್ಕು ಸಿಕ್ಕವು. ಒಂದರ ಕಾಲಿನಲ್ಲಿ ಆಗಲೇ ಕೂದಲಿನಷ್ಟು ಸೀಳಿತ್ತು. ಸೂಗಪ್ಪ ಅದರ ಮೇಲೆ ಬೆರಳಾಡಿಸಿ, ತಾನೇ ಅದನ್ನು ಹೊತ್ತು ಗಾಡಿಗೆ ಹಾಕಿದ.

ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಏಳನೆಯದರ ಮೇಲೆ ಕಾವಲುಗಾರ ಬಂಡೆಪ್ಪ ಕೂತಿದ್ದ. ಅವನು ಏಳಲು ಒಪ್ಪಲಿಲ್ಲ.

"ನಿಮ್ಮಂಥಾ ಮೈಯವರಿಗೆ ಮುರದಿರಬೇಕ್ರಿ ತಾಯಿ. ನಾ ಕಡ್ಡಿ ಇದ್ದಂಗ ಅದೀನಿ."

ಅಂಬಾದಾಸ ಮುಂದೆ ಹೋಗಲಿದ್ದ. ಅವಳು ಎಡಗೈ ಚಾಚಿ ತಡೆದಳು.

"ನಾನೂ ಹಂಗ ತಿಳಕೊಂಡಿದ್ದೆ ಯಜಮಾನ್ರ. ತೂಕದ್ದಲ್ಲ, ಕುರ್ಚಿದ ತಪ್ಪು. ಬರೇ ಕೈಲೆ ಬಂದು ಕಸಕೊಂಡು ಹೋಗಾಕತ್ತಿಲ್ಲ, ಕಟ್ಟಿಗಿ ಕುರ್ಚಿ ಗಾಡ್ಯಾಗ ಐತಿ. ಮೊದಲ ಅದರಾಗ ಕೂತು ನೋಡ್ರಿ."

ಬಂಡೆಪ್ಪ ಕೂತು ನೋಡಿದ. ಹಿಂದೆ ಒರಗಲು ಚಲೋ ಇಲ್ಲ ಎಂದು ಗೊಣಗಿದ, ಆದರೂ ಇಟ್ಟುಕೊಂಡ. ಒಟ್ಟು ಒಂಬತ್ತು ಕುರ್ಚಿ ಹೀಗೆ ಬಂದವು. ಇನ್ನೆರಡು ಎಲ್ಲಿದ್ದವೋ ಕೊನೆಗೂ ತಿಳಿಯಲಿಲ್ಲ. ಚಕ್ರದ ನೀಲಿ ಕುರ್ಚಿ ಕಂಡಲ್ಲೆಲ್ಲ ಅವಳು ಬಗ್ಗಿ ಅಡಿಯ ಚೀಟಿ ನೋಡುವುದು ಮುಂದೆ ವರ್ಷಗಟ್ಟಲೆ ನಡೆಯಿತು.

ಭಾಗ್ಯಶ್ರೀಯ ಆಫೀಸು ಉತ್ತರಿಸಲಿಲ್ಲ. ಕುರ್ಚಿ ಮಾಡಿದ ಕಂಪನಿ ಎರಡು ತಿಂಗಳಿಗೆ ಒಂದು ಕಾಗದ ಕಳಿಸಿತು. ಚಿಕಿತ್ಸೆಯ ಖರ್ಚು ಮತ್ತು ಅಂಗಡಿ ನಿಂತ ದಿನಗಳ ನಷ್ಟ ಕೊಡುತ್ತೇವೆ, ಕುರ್ಚಿ ಒಪ್ಪಿಸಿ, ಕೆಳಗೆ ಸಹಿ ಮಾಡಿ. ನಡುವೆ ಒಂದು ಸಾಲಿತ್ತು: ಬಳಸಿದವರ ಅಜಾಗರೂಕತೆಯಿಂದ ನಡೆದ ಅಪಘಾತ.

"ಸಹಿ ಮಾಡಿದ್ರ ಮುಗದಹೋಗತೈತಲ್ಲ," ಅಂದ ಅಂಬಾದಾಸ, ಮೆಲ್ಲಗೆ.

"ಹಂಗಂತ ಒಪ್ಪಿಕೊಂಡಂಗ ಆಗತೈತ್ರಿ. ಅದೊಂದು ಸಾಲು ನನಗ ಬ್ಯಾಡ."

ಅವನು ಆ ಕಾಗದ ಮಡಿಸಿಟ್ಟ. ಅವಳ ತಟ್ಟೆಗೆ ಎರಡನೆಯ ರೊಟ್ಟಿ ಹಾಕಿದ. ಅಹಲ್ಯಾ ಆ ಸಾಲನ್ನು ಹೊಡೆದುಹಾಕಿ, ಗ್ರಾಹಕರ ವೇದಿಕೆಗೆ ಹಾಕಲು ಸಿದ್ಧವಾಗಿದ್ದ ದೂರಿನ ನಕಲಿನೊಂದಿಗೆ ತಿರುಗಿ ಕಳಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಬೇರೆ ಕಾಗದ ಬಂತು. ಅದರಲ್ಲಿ ತಯಾರಿಕೆಯ ದೋಷ ಎಂದೇ ಬರೆದಿತ್ತು. ಜೊತೆಗೆ ಚೆಕ್ಕಿತ್ತು.

ಪ್ಲಾಸ್ಟರು ಬಿಚ್ಚಿದರೂ ಮಣಿಕಟ್ಟು ಮೊದಲಿನಂತೆ ತಿರುಗುತ್ತಿರಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತೆ ಅವಳ ಸಹಿಯನ್ನು ಹಳೆಯ ಸಹಿ ಕಾರ್ಡಿನೊಂದಿಗೆ ಎರಡು ಸಲ ಹೋಲಿಸಿ, "ಇದು ಹೊಂದತಿಲ್ಲಮ್ಮಾ, ಹೊಸ ಕಾರ್ಡು ಮಾಡಬೇಕು" ಎಂದಳು.

ದಾನೇಶ್ವರಿ ಹೊಸ ಕಾರ್ಡು ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಅವಸರ ಮಾಡದೆ, ಈಗ ಕೈ ಹೇಗೆ ಓಡುತ್ತದೋ ಹಾಗೆಯೇ, ಮೂರು ಸಲ ತನ್ನ ಹೆಸರು ಬರೆದಳು.